ಸೂರಿನ ಹೊಣೆ ಯಾರದು?

ಕುಂದಾಪುರದ ಕಡೆ ಆಷಾಢಕ್ಕೆ ಆಸಾಡಿ ಎನ್ನುತ್ತಾರೆ. ನಾಟಿ ಮುಗಿದು, ಕಡಲಿಗೆ ಇಳಿಯಲಾಗದೆ, ಕೂಲಿಯಿಲ್ಲದೆ ಕೂರಬೇಕಾದ ಆ ತಿಂಗಳನ್ನು ಹಳೆಯ ತಲೆಮಾರಿನ ಬಡವರು ಹಸಿವಿನ ಜೊತೆಗೇ ನೆನೆಯುತ್ತಾರೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಕರಾವಳಿಯಲ್ಲಿ ಬಡತನ ಮೊದಲು ಕಣ್ಣಿಗೆ ಬೀಳುವುದು ಸೋರುವ ಮಾಡಿನಲ್ಲಿ. ಇಂದು ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯ ಎರಡೂ ಬದಿ ಹೆಂಚಿನ, ತಾರಸಿಯ ಮನೆಗಳು ಕಾಣುತ್ತವೆ. ಅವುಗಳ ನಡುವೆ, ಪೇಟೆಯಂಚಿನ ಖಾಲಿ ಜಾಗಗಳಲ್ಲಿ, ಟಾರ್ಪಾಲು ಹೊದೆಸಿದ ಬಿಡಾರಗಳೂ ಇವೆ. ಅಲ್ಲಿ ಇರುವವರಲ್ಲಿ ಅನೇಕರು ಬಾಗಲಕೋಟೆ, ವಿಜಯಪುರ, ಕೊಪ್ಪಳ, ಗದಗ ಕಡೆಯಿಂದ ಕಲ್ಲು, ಗಾರೆ, ರಸ್ತೆ ಕೆಲಸಕ್ಕೆ ಬಂದವರು. ಊರವರ ಮನೆ ಕಟ್ಟುವ ಇವರಿಗೆ ಮನೆಯಿಲ್ಲ. ಇದರ ಹೊಣೆ ಯಾರದು?

ಅವರವರ ಹಣೆಬರಹ ಎಂದು ಕೈತೊಳೆದುಕೊಳ್ಳುವವರು ಈ ನೆಲದ ಚರಿತ್ರೆಯನ್ನೇ ಒಮ್ಮೆ ನೋಡಬೇಕು. ಅರ್ಧ ಶತಮಾನದ ಹಿಂದೆ ಇಲ್ಲಿನ ರೈತರಲ್ಲಿ ಬಹುಪಾಲು ಜನ ಗೇಣಿದಾರರು. ನಿಗದಿಯಾದ ಗೇಣಿ ಕೊಟ್ಟು ತಲೆತಲಾಂತರ ಉಳುವ ಹಕ್ಕಿದ್ದ ಮೂಲಗೇಣಿಯವರ ಸ್ಥಿತಿ ಅಷ್ಟಿಷ್ಟು ವಾಸಿ. ಚಾಲಗೇಣಿಯವರದು ಒಡೆಯರ ಮರ್ಜಿಯ ಬದುಕು. ಅವರ ಮನೆ ನಿಂತಿದ್ದದ್ದೂ ಒಡೆಯರ ಜಾಗದಲ್ಲೇ. ಗೇಣಿ ತಪ್ಪಿದರೆ ಗದ್ದೆಯ ಜೊತೆಗೆ ಮನೆಯನ್ನೂ ಬಿಟ್ಟು ಏಳಬೇಕು. ಗೇಣಿಯೂ ಇಲ್ಲದ ಕೂಲಿಯವರ ಪಾಡು ಇನ್ನೂ ಕೆಳಗೆ.

ಇದನ್ನು ಬದಲಿಸಿದ್ದು ದಾನಧರ್ಮವಲ್ಲ, ರಾಜಕೀಯ ತೀರ್ಮಾನ. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಯಲ್ಲಿದ್ದ ಭೂಮಿಯೆಲ್ಲ ಅಂದಿನಿಂದಲೇ ಸರ್ಕಾರದ್ದಾಯಿತು. ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು, ಸಹಾಯಕ ಕಮಿಷನರ ಅಧ್ಯಕ್ಷತೆಯ ಭೂ ನ್ಯಾಯಮಂಡಳಿ ತೀರ್ಮಾನ ಕೊಡಬೇಕು. ಅರ್ಜಿಯ ಅವಧಿ 1979ರ ಜೂನ್ 30ಕ್ಕೆ ಮುಗಿಯಿತು. ಕೃಷಿ ಕೂಲಿಕಾರರು ಪರರ ಜಾಗದಲ್ಲಿ ಕಟ್ಟಿಕೊಂಡಿದ್ದ ಮನೆಯ ಅಡಿಸ್ಥಳದ ಒಡೆತನಕ್ಕೂ ಅದೇ ಕಾಯ್ದೆಯ 38ನೇ ಕಲಮಿನಲ್ಲಿ ದಾರಿಯಿತ್ತು. ಕರಾವಳಿಯ ಮನೆಮನೆಯಲ್ಲಿ ‘ಡಿಕ್ಲರೇಶನ್’ ಎಂಬ ಮಾತು ಬಳಕೆಗೆ ಬಂದದ್ದು ಆಗಲೇ. ನಿವೇಶನ ಹಂಚಿಕೆಯ ಗುರುತಾಗಿ ಜನತಾ ಕಾಲೊನಿ, ಐದು ಸೆಂಟ್ಸ್ ಎಂಬ ಜಾಗದ ಹೆಸರುಗಳು ಇಂದಿಗೂ ಉಳಿದಿವೆ.

ಕಾಯ್ದೆಯಿಂದ ಎಲ್ಲರಿಗೂ ನ್ಯಾಯ ಸಿಕ್ಕಿತೆಂದಲ್ಲ. ಗೇಣಿದಾರರೇ ಆಗಿರದ ಕೊರಗರಂಥ ಸಮುದಾಯಗಳಿಗೆ ಅದರಿಂದ ದೊರೆತದ್ದು ಅತ್ಯಲ್ಪ. ಆದರೂ ಒಂದು ಪಾಠ ಸ್ಪಷ್ಟ. ಯಾರಿಗೆ ಹಕ್ಕು, ಯಾರು ಕೊಡಬೇಕು, ಯಾವ ದಿನದೊಳಗೆ ಎಂಬ ಮೂರೂ ಕಾಯ್ದೆಯಲ್ಲಿ ಬರೆದಿದ್ದವು. ಹೊಣೆ ಹೊತ್ತ ಅಧಿಕಾರಿಗೆ ಹೆಸರಿತ್ತು, ಕಚೇರಿಯಿತ್ತು.

ಇನ್ನೊಂದು ನೆನಪೂ ಈ ಊರಿಗಿದೆ. ಗದ್ದೆಯ ಆದಾಯ ಸಾಲದೆ ಇಲ್ಲಿನ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಮಾಣಿಗಳಾಗಿ ಹೋದರು. ಬಾಗಿಲು ಹಾಕಿದ ಮೇಲೆ ಹೋಟೆಲಿನ ಮೇಜು ಬೆಂಚೇ ಅವರ ಹಾಸಿಗೆ. ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದವರು ಹಲವರು. ಅದೇ ಮುಂಬಯಿಯಲ್ಲಿ 1981ರ ಮಳೆಗಾಲದಲ್ಲಿ ಮುಖ್ಯಮಂತ್ರಿ ಎ. ಆರ್. ಅಂತುಳೆ ಕಾಲುದಾರಿಯ ನಿವಾಸಿಗಳನ್ನು ಎಬ್ಬಿಸಿ ಅವರವರ ಊರಿಗೆ ಅಟ್ಟುವುದಾಗಿ ಪ್ರಕಟಿಸಿದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದು 1985ರ ಜುಲೈಯಲ್ಲಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರ ಪೀಠ ಹೇಳಿತು. ಆದರೆ ಮಳೆಗಾಲ ಕಳೆಯುವವರೆಗೆ ಎಬ್ಬಿಸಬಾರದೆಂದಿತೇ ಹೊರತು ಎಬ್ಬಿಸಲೇಬಾರದು ಎನ್ನಲಿಲ್ಲ. ನ್ಯಾಯಾಲಯ ಹಕ್ಕನ್ನು ಗುರುತಿಸಿತು; ಸೂರು ಒದಗಿಸುವ ಕೆಲಸ ಸರ್ಕಾರಗಳ ಪಾಲಿಗೇ ಉಳಿಯಿತು.

ಮುಂಬಯಿಯಲ್ಲಿ ನಮ್ಮವರು ಹೊರಗಿನವರಾಗಿದ್ದಂತೆ ಇಲ್ಲಿ ಇಂದು ಬಯಲುಸೀಮೆಯವರು ಹೊರಗಿನವರು. ಅವರಿಗೆ ಕಾನೂನಿನ ಆಸರೆ ಎಷ್ಟಿತ್ತು? ವಲಸೆ ಕಾರ್ಮಿಕರಿಗೆ ವಸತಿ ಕೊಡಬೇಕೆಂದ 1979ರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಬಾದಾಮಿಯಿಂದ ಬೈಂದೂರಿಗೆ ಬಂದವನು ಅದರ ಲೆಕ್ಕಕ್ಕೇ ಬರಲಿಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ, ಕೆಲಸ ನಡೆಯುವಷ್ಟು ಕಾಲ ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ, ಅಡುಗೆಗೆ ಜಾಗ, ಸ್ನಾನಗೃಹ, ಶೌಚಾಲಯ ಒದಗಿಸಬೇಕೆಂದಿತು. ಆದರೆ ಅದು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಗೆ ಅನ್ವಯ. ಸಣ್ಣ ಊರಿನಲ್ಲಿ ನಾಲ್ಕೈದು ಜನರ ತಂಡ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಈ ಎರಡೂ ಕಾಯ್ದೆಗಳನ್ನು 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಸೇರಿಸಲಾಯಿತು. ಅದರಲ್ಲೂ ವಲಸೆ ಎಂದರೆ ರಾಜ್ಯ ದಾಟಿದ ವಲಸೆಯೇ.

ನಗರದ ನಿರ್ವಸತಿಗರ ಬಗೆಗೂ ಇದೇ ಕತೆ. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದು ಆಶ್ರಯತಾಣ ಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ಆದೇಶಿಸಿತು. ಬಳಿಕ ಬಂದ ಕೇಂದ್ರದ ಯೋಜನೆಯ ಅಳತೆಗೋಲೂ ಲಕ್ಷದ್ದೇ. 2011ರ ಗಣತಿಯಲ್ಲಿ ಕುಂದಾಪುರ ಪುರಸಭೆಯ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ಬೈಂದೂರು, ಬ್ರಹ್ಮಾವರಗಳು ತಾಲ್ಲೂಕುಗಳಾದದ್ದೇ 2018ರಲ್ಲಿ. ಲಕ್ಷದ ಲೆಕ್ಕದಲ್ಲಿ ಇಂಥ ಪೇಟೆಗಳು ಸುಲಭವಾಗಿ ಮರೆಯಾಗುತ್ತವೆ. ಆದರೆ ಮಳೆ ಊರಿನ ಜನಸಂಖ್ಯೆ ನೋಡಿ ಬೀಳುವುದಿಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ಗುತ್ತಿಗೆದಾರ ಮೇಸ್ತ್ರಿಯತ್ತ ಕೈ ತೋರಿಸುತ್ತಾನೆ. ಸ್ಥಳೀಯ ಸಂಸ್ಥೆಗೆ ಇವರು ಊರಿನವರಲ್ಲ. ಹುಟ್ಟೂರಿನ ಪ್ರತಿನಿಧಿಗೆ ಇವರು ಚುನಾವಣೆಯ ದಿನ ಬಸ್ಸಿನಲ್ಲಿ ಬಂದು ಹೋಗುವವರು. ಮತ ಒಂದೂರಲ್ಲಿ, ದುಡಿಮೆ ಇನ್ನೊಂದೂರಲ್ಲಿ ಇರುವವನಿಗೆ ಎರಡೂ ಕಡೆ ಉತ್ತರ ಕೊಡುವವರಿಲ್ಲ. ಪ್ರಜಾಪ್ರಭುತ್ವದಲ್ಲಿ ನಿರ್ವಸತಿ ಇಷ್ಟು ಕಾಲ ಉಳಿಯಲು ಇದೊಂದು ದೊಡ್ಡ ಕಾರಣ.

ಆದರೆ ಸಂವಿಧಾನ ಈ ವಿಷಯದಲ್ಲಿ ಮೌನವಾಗಿಲ್ಲ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ 12ನೇ ಅನುಸೂಚಿಯಲ್ಲಿ, ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ, ನಗರ ಬಡತನ ನಿವಾರಣೆಯೂ ಕೊಳೆಗೇರಿ ಸುಧಾರಣೆಯೂ ಸೇರಿವೆ. ಕಟ್ಟಡಕ್ಕೆ ಪರವಾನಗಿ ಕೊಡುವಾಗ ನಕ್ಷೆ, ಬಾವಿ, ರಸ್ತೆಯ ಅಂತರ ಎಲ್ಲವನ್ನೂ ಕೇಳುವ ಕಚೇರಿ, ಕಟ್ಟುವವರು ರಾತ್ರಿ ಮಲಗುವುದೆಲ್ಲಿ ಎಂಬ ಒಂದು ಪ್ರಶ್ನೆಯನ್ನೂ ಕೇಳಬಹುದು. ತಾಲ್ಲೂಕಿಗೊಂದು ಆಶ್ರಯತಾಣ ತೆರೆದು, ಅದಕ್ಕೆ ಉತ್ತರದಾಯಿಯಾದ ಅಧಿಕಾರಿ ಯಾರೆಂದು ಗೋಡೆಯ ಮೇಲೆ ಬರೆಸಬಹುದು. ಮುಂದಿನ ಮಳೆಗಾಲದೊಳಗೆ ಎಂದು ದಿನವನ್ನೂ ಗೊತ್ತುಮಾಡಬಹುದು.

ಒಡೆಯರ ಜಾಗದಲ್ಲಿ ಹೆದರಿ ಬಾಳಿದವರ ಮಕ್ಕಳು ಇಂದು ಇಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ತಮ್ಮ ಹಿರಿಯರಿಗೆ ಸರ್ಕಾರ ಕೊಟ್ಟ ಉತ್ತರವನ್ನು, ಆ ಮನೆ ಕಟ್ಟಲು ಬಂದವರ ಪರವಾಗಿ ಅವರೇ ಮೊದಲು ಕೇಳಬೇಕು.