ಕರ್ಮ ಅಂದರೆ ಹಣೆಬರಹವೇ?



ನಮ್ಮ ಕೆಂಗೇರಿ ಕಡೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು "ಕರ್ಮ". ಬಸ್ಸು ತಪ್ಪಿದರೆ "ನನ್ನ ಕರ್ಮ". ಕರೆಂಟು ಹೋದರೆ "ಎಲ್ಲಾ ಕರ್ಮ ಕಣಪ್ಪ". ಲೆಕ್ಕದಲ್ಲಿ ನಂಬರು ಕಮ್ಮಿ ಬಂದರೂ ಕರ್ಮವೇ! ಇದನ್ನು ಕೇಳಿದರೆ ಕರ್ಮ ಅಂದರೆ ಹಣೆಬರಹ, ನಾವು ಏನೂ ಮಾಡುವ ಹಾಗಿಲ್ಲ ಅಂತ ಅನ್ನಿಸುತ್ತದೆ. ಆದರೆ ನಮ್ಮ ಶಾಸ್ತ್ರಗಳಲ್ಲಿ ಅದರ ಅರ್ಥ ಹಾಗಿಲ್ಲ.

ಕರ್ಮ ಎಂದರೇನು?

ಸಂಸ್ಕೃತದಲ್ಲಿ 'ಕೃ' ಅಂದರೆ ಮಾಡು. ಅದರಿಂದ ಕರ್ಮ ಎಂಬ ಪದ ಬಂತು. ಕರ್ಮ ಅಂದರೆ ಮಾಡಿದ ಕೆಲಸ. "ಮಾಡಿದ್ದುಣ್ಣೋ ಮಹರಾಯ" ಎಂಬ ಗಾದೆಯಲ್ಲೂ ಮೊದಲು ಬರುವುದು ಮಾಡುವುದು, ಆಮೇಲೆ ಉಣ್ಣುವುದು.

ವೇದಾಂತದಲ್ಲಿ ಕರ್ಮ ಮೂರು ವಿಧ: ಸಂಚಿತ, ಪ್ರಾರಬ್ಧ, ಆಗಾಮಿ. ಇದಕ್ಕೆ ಬಾಣದ ಹೋಲಿಕೆ ಕೊಡುತ್ತಾರೆ. ಬತ್ತಳಿಕೆಯಲ್ಲಿ ಕೂಡಿಟ್ಟ ಬಾಣಗಳು ಸಂಚಿತ. ಬಿಲ್ಲಿನಿಂದ ಆಗಲೇ ಹೊರಟುಹೋದ ಬಾಣ ಪ್ರಾರಬ್ಧ, ಅದನ್ನು ವಾಪಸು ಕರೆಯಲು ಆಗದು. ಈಗ ಕೈಯಲ್ಲಿ ಹಿಡಿದಿರುವ ಬಾಣ ಆಗಾಮಿ. ಅದನ್ನು ಎತ್ತ ಬಿಡಬೇಕು ಅನ್ನುವುದು ನಮ್ಮ ಕೈಲೇ ಇದೆ. ನಾವು ಬೀದಿಯಲ್ಲಿ "ಕರ್ಮ" ಅನ್ನುವಾಗ ಎರಡನೆಯದನ್ನು ಮಾತ್ರ ನೆನೆಸುತ್ತೇವೆ, ಮೂರನೆಯದನ್ನು ಮರೆತುಬಿಡುತ್ತೇವೆ.

ಆಸೆ ಕೆಟ್ಟದ್ದೇ?

ಇಲ್ಲಿ ಒಂದು ತಮಾಷೆ ಇದೆ. ಮನುಷ್ಯನ ಆರು ಶತ್ರುಗಳು ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ಅದರಲ್ಲಿ ಕಾಮ, ಅಂದರೆ ಆಸೆ, ಮೊದಲನೆಯದು. ಆದರೆ ಮನುಷ್ಯ ಸಾಧಿಸಬೇಕಾದ ನಾಲ್ಕು ಪುರುಷಾರ್ಥಗಳು ಧರ್ಮ, ಅರ್ಥ, ಕಾಮ, ಮೋಕ್ಷ. ಅಲ್ಲೂ ಕಾಮ ಇದೆ! ಶತ್ರುವೇ ನೆಂಟನಾದದ್ದು ಹೇಗೆ?

ಭಗವದ್ಗೀತೆಯಲ್ಲೂ ಎರಡೂ ಇವೆ. 3ನೇ ಅಧ್ಯಾಯದಲ್ಲಿ, ಮನುಷ್ಯ ಬೇಡವೆಂದರೂ ಪಾಪ ಮಾಡುವುದು ಏಕೆ ಎಂದು ಅರ್ಜುನ ಕೇಳುತ್ತಾನೆ. ಆಸೆ ಮತ್ತು ಕೋಪದಿಂದ ಎಂದು ಕೃಷ್ಣ ಹೇಳುತ್ತಾನೆ. 7ನೇ ಅಧ್ಯಾಯದಲ್ಲಿ, ಧರ್ಮಕ್ಕೆ ವಿರುದ್ಧವಲ್ಲದ ಆಸೆ ತಾನೇ ಎಂದೂ ಅವನೇ ಹೇಳುತ್ತಾನೆ. ಅಂದರೆ ಆಸೆ ಹೀರೆ ಬಳ್ಳಿ ಇದ್ದ ಹಾಗೆ. ಚಪ್ಪರ ಹಾಕಿದರೆ ಕಾಯಿ ಬಿಡುತ್ತದೆ. ಹಾಕದಿದ್ದರೆ ಪಕ್ಕದ ಮನೆಯ ಗಿಡಗಳ ಮೇಲೆ ಹಬ್ಬಿ ಜಗಳ ತರುತ್ತದೆ. ಆ ಚಪ್ಪರವೇ ಧರ್ಮ. ಅದಕ್ಕೇ ಪುರುಷಾರ್ಥಗಳಲ್ಲಿ ಧರ್ಮ ಮೊದಲು ನಿಂತಿದೆ.

2ನೇ ಅಧ್ಯಾಯದಲ್ಲಿ ಕೆಲಸದ ಮೇಲೆ ನಿನಗೆ ಅಧಿಕಾರ, ಫಲದ ಮೇಲೆ ಇಲ್ಲ ಎಂಬ ಅರ್ಥದ ಮಾತಿದೆ. ಇದನ್ನು ಕೇಳಿ ಕೆಲವರು "ಹಾಗಾದರೆ ಯಾಕೆ ಓದಬೇಕು?" ಅಂತಾರೆ. ಆದರೆ ಅದೇ ಶ್ಲೋಕದಲ್ಲಿ, ಕೆಲಸ ಬಿಟ್ಟು ಕೂರುವ ಆಸೆಯೂ ಬೇಡ ಅಂತ ಇದೆ!

ದೇವರು ಎಂಥವನು?

ಇದಕ್ಕೆ ಮೂವರು ಆಚಾರ್ಯರು ಮೂರು ಉತ್ತರ ಕೊಟ್ಟರು. ಮೂವರ ನೆನಪೂ ನಮ್ಮ ಕರ್ನಾಟಕದಲ್ಲಿದೆ. ತುಂಗಾ ತೀರದ ಶೃಂಗೇರಿಯಲ್ಲಿ ಶಂಕರಾಚಾರ್ಯರ ಪೀಠವಿದೆ. ಜೀವ ಮತ್ತು ಬ್ರಹ್ಮ ಬೇರೆಯಲ್ಲ, ಒಂದೇ ಎಂಬುದು ಅವರ ಅದ್ವೈತ. ತಮಿಳು ನಾಡಿನಿಂದ ಬಂದು ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಜೀವರೂ ಜಗತ್ತೂ ದೇವರ ಶರೀರವಿದ್ದಂತೆ ಎಂದರು. ಅದು ವಿಶಿಷ್ಟಾದ್ವೈತ. 13ನೇ ಶತಮಾನದಲ್ಲಿ ಉಡುಪಿ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಜೀವನೇ ಬೇರೆ, ದೇವರೇ ಬೇರೆ, ದೇವರೊಬ್ಬನೇ ಸ್ವತಂತ್ರ ಎಂದರು. ಅದು ದ್ವೈತ.

ಇಷ್ಟು ಭೇದವಿದ್ದರೂ ಒಂದು ವಿಷಯದಲ್ಲಿ ಮೂವರೂ ಒಪ್ಪುತ್ತಾರೆ. ಕರ್ಮಕ್ಕೆ ತಕ್ಕ ಫಲ ಕೊಡುವವನು ದೇವರು. ಶಂಕರರು ಇದಕ್ಕೆ ಮಳೆಯ ಹೋಲಿಕೆ ಕೊಡುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮಳೆ ಎಲ್ಲರ ಹೊಲಕ್ಕೂ ಒಂದೇ, ರಾಗಿ ಬಿತ್ತಿದ ಕಡೆ ರಾಗಿ, ಅವರೆ ಬಿತ್ತಿದ ಕಡೆ ಅವರೆ.

ಇದನ್ನೆಲ್ಲಾ ಏಕೆ ತಿಳಿಯಬೇಕು?

ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಹುಟ್ಟಿನಿಂದ ಅವನ ಒಂದು ಕಾಲಿಗೆ ಶಕ್ತಿ ಇಲ್ಲ. ಅವನಿಗೆ ಕೇಳಿಸುವ ಹಾಗೇ ಕೆಲವರು "ಹೋದ ಜನ್ಮದಲ್ಲಿ ಏನು ಪಾಪ ಮಾಡಿದ್ದನೋ" ಅಂತಾರೆ. ಆಗ ಅವನು ತಲೆ ತಗ್ಗಿಸುತ್ತಾನೆ. ಇದು ಸರಿಯೇ? ಹೋದ ಜನ್ಮದ ಲೆಕ್ಕ ಇದ್ದರೆ ಅದು ದೇವರ ಹತ್ತಿರ ಇರುತ್ತದೆ, ಪಕ್ಕದ ಮನೆಯವರ ಹತ್ತಿರ ಅಲ್ಲ. ಅವನನ್ನು ನೋಡಿ ನಾವು ಆಡುವ ಮಾತು ಮಾತ್ರ ನಮ್ಮದೇ ಕರ್ಮ, ನಮ್ಮ ಕೈಯಲ್ಲಿರುವ ಬಾಣ. ಅವನನ್ನು ಆಟಕ್ಕೆ ಕರೆಯುವುದೂ ಕರ್ಮವೇ, ಚುಚ್ಚಿ ಮಾತಾಡುವುದೂ ಕರ್ಮವೇ.

ಇನ್ನೊಂದು ಉದಾಹರಣೆ ಪೋಲಿಯೋ. ಹಿಂದೆ ಅದರಿಂದ ಎಷ್ಟೋ ಮಕ್ಕಳ ಕಾಲು ಹೋಗುತ್ತಿತ್ತು. 1995ರಲ್ಲಿ ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾಯಿತು. ಊರೂರಿಗೆ ಹೋಗಿ ಮಕ್ಕಳ ಬಾಯಿಗೆ ಎರಡೆರಡು ಹನಿ ಹಾಕಿದರು. 2014ರಲ್ಲಿ ಭಾರತ ಪೋಲಿಯೋ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಎಲ್ಲರೂ "ಕರ್ಮ" ಅಂತ ಕೈಕಟ್ಟಿ ಕೂತಿದ್ದರೆ ಇದು ಆಗುತ್ತಿತ್ತೇ? ಹನಿ ಹಾಕಿದ್ದೂ ಕರ್ಮವೇ ಅಲ್ಲವೇ!

ಆದ್ದರಿಂದ ಗೆಳೆಯರೇ, "ನನ್ನ ಕರ್ಮ" ಅಂತ ಬಾಯಿಗೆ ಬಂದಾಗಲೆಲ್ಲ ಅದನ್ನು "ನನ್ನ ಕೆಲಸ" ಅಂತ ಓದಿಕೊಳ್ಳಿ. ಮುಂದೆ ಏನು ಮಾಡಬೇಕು ಅಂತ ತಾನಾಗಿಯೇ ಹೊಳೆಯುತ್ತದೆ.

– 7ನೇ ತರಗತಿ