ಶಾಲೆಯ ದಾರಿ: ಮೂರು ತಲೆಮಾರುಗಳ ಲೆಕ್ಕ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಹೆಸರನ್ನು ಕೇಳಿದೊಡನೆ ನಮಗೆ ನೆನಪಾಗುವುದು ಭದ್ರಾ ಅಣೆಕಟ್ಟು. ಆದರೆ ಆ ಸೀಮೆಯ ವೃದ್ಧರೊಬ್ಬರನ್ನು ಅವರ ಬಾಲ್ಯದ ಶಾಲೆಯ ವಿಷಯವಾಗಿ ಕೇಳಿ ನೋಡಿದರೆ, ಅವರು ಪಾಠಕ್ಕಿಂತ ಮೊದಲು ದಾರಿಯ ಮಾತನ್ನೇ ಎತ್ತುವುದುಂಟು. ಬಗಲಲ್ಲಿ ಸ್ಲೇಟು, ಮಳೆಗಾಲವಾದರೆ ತಲೆಯ ಮೇಲೆ ಕಂಬಳಿಕೊಪ್ಪೆ ಅಥವಾ ಗೊರಬು. ಗದ್ದೆಯ ಬದು, ಕಾಡಿನ ಕಾಲುದಾರಿ, ಹಳ್ಳದ ಮೇಲೆ ಮರದ ಸಂಕ, ಕಾಲಿಗೆ ಕಚ್ಚುವ ಇಂಬಳ. ಮಲೆನಾಡಿನ ಎಷ್ಟೋ ಮಕ್ಕಳು ಹೀಗೆ ಒಂದೆರಡು ಮೈಲಿಗಳನ್ನು ಹಿರಿಯರ ಜೊತೆಯಿಲ್ಲದೆ ನಡೆದು ಓದಿದವರು.

ಅದೇ ಮನೆಯ ಮೊಮ್ಮಗ ಇಂದು ಶಾಲೆಗೆ ಹೋಗುವ ಬಗೆ ಬೇರೆ. ಬೆಳಗ್ಗೆ ಮನೆಯ ಬಾಗಿಲಿಗೆ ಹಳದಿ ಬಣ್ಣದ ವಾಹನವೊಂದು ಬರುತ್ತದೆ. ಇಲ್ಲವೆ ತಂದೆ ತನ್ನ ಮೋಟಾರು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಬಿಡುತ್ತಾನೆ. ಹಿರಿಯರು ಇದನ್ನು ಕಂಡು, ಈಗಿನ ಮಕ್ಕಳು ಬಲಹೀನರು, ಈಗಿನ ತಾಯಿತಂದೆಗಳು ಅಂಜುಬುರುಕರು ಎಂದು ತೀರ್ಪು ಕೊಡುವುದುಂಟು. ಈ ತೀರ್ಪು ಸರಿಯೆ? ಇದನ್ನು ನಿರ್ಣಯಿಸುವ ಮೊದಲು ನಾವು ಕೆಲವು ಸಂಗತಿಗಳನ್ನು ಪರಿಶೀಲಿಸೋಣ.

ಅಂಕಿಗಳು ಹೇಳುವುದೇನು?

ಮಗುವೊಂದು ಹಿರಿಯರ ಕಾವಲಿಲ್ಲದೆ ತಾನಾಗಿಯೇ ಓಡಾಡುವುದನ್ನು ವಿದ್ವಾಂಸರು ‘ಸ್ವತಂತ್ರ ಸಂಚಾರ’ವೆಂದು ಕರೆದು, ಅದನ್ನು ಅಳೆಯುವ ಪ್ರಯತ್ನ ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. 1971ರಲ್ಲಿ ಅಲ್ಲಿನ ಏಳು ಎಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ಶಾಲೆಗೆ ತಾವಾಗಿಯೇ ಹೋಗುತ್ತಿದ್ದರು. 1990ರ ವೇಳೆಗೆ ಈ ಸಂಖ್ಯೆ ನೂರಕ್ಕೆ 9ಕ್ಕೆ ಇಳಿದಿತ್ತು. ಅಮೆರಿಕದಲ್ಲಿ ನಡೆದೋ ಸೈಕಲ್ ತುಳಿದೋ ಶಾಲೆಗೆ ಹೋಗುವ ಮಕ್ಕಳು 1969ರಲ್ಲಿ ನೂರಕ್ಕೆ 48 ಇದ್ದರೆ, 2009ರಲ್ಲಿ 13 ಮಾತ್ರ. ಆದುದರಿಂದ ಇದು ಒಂದು ಊರಿನ ಅಥವಾ ಒಂದು ದೇಶದ ಮಾತಲ್ಲವೆಂಬುದು ಸ್ಪಷ್ಟ.

ಈ ಇಳಿತದ ನಿಜವಾದ ಗಾತ್ರವನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಮಗುವೊಂದು ಮನೆಯಿಂದ ಎಲ್ಲ ದಿಕ್ಕಿಗೂ 2 ಕಿಲೋಮೀಟರ್ ದೂರ ಹೋಗಬಲ್ಲದೆಂದು ಭಾವಿಸೋಣ. ವೃತ್ತದ ಕ್ಷೇತ್ರಫಲದ ಸೂತ್ರದಂತೆ ಅದರ ಸಂಚಾರದ ನೆಲ ಸುಮಾರು 12.6 ಚದರ ಕಿಲೋಮೀಟರ್. ಈ ದೂರ 200 ಮೀಟರಿಗೆ ಇಳಿದರೆ ಆ ನೆಲ 0.126 ಚದರ ಕಿಲೋಮೀಟರ್ ಆಗುತ್ತದೆ. ದೂರ ಹತ್ತರಲ್ಲಿ ಒಂದು ಪಾಲಾದರೆ, ಪರಿಚಿತವಾದ ನೆಲ ನೂರರಲ್ಲಿ ಒಂದು ಪಾಲಾಯಿತು!

ನಡೆದು ಕಾಣುವುದು, ಕುಳಿತು ಕಾಣುವುದು

ವಾಹನದಲ್ಲಿ ಹೋಗುವ ಮಗುವೂ ಅದೇ ದಾರಿಯನ್ನು ಕಿಟಕಿಯಿಂದ ನೋಡುತ್ತದಲ್ಲವೆ, ನಷ್ಟವೇನು ಎಂದು ಕೇಳಬಹುದು. ಈ ಪ್ರಶ್ನೆಗೆ ಸಂಬಂಧಿಸಿದ ಒಂದು ಸ್ವಾರಸ್ಯವಾದ ಪ್ರಯೋಗವನ್ನು ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ವಿಜ್ಞಾನಿಗಳು 1963ರಲ್ಲಿ ಪ್ರಕಟಿಸಿದರು. ಅವರು ಕತ್ತಲೆಯಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಎರಡೆರಡಾಗಿ, ದಿನಕ್ಕೆ ಕೆಲವು ಗಂಟೆಗಳ ಕಾಲ ತಿರುಗಣೆಯಂಥ ಒಂದು ಯಂತ್ರಕ್ಕೆ ಹೂಡಿ ಬೆಳಕಿನಲ್ಲಿರಿಸಿದರು. ಒಂದು ಮರಿ ತನ್ನ ಕಾಲಿನಿಂದ ನಡೆಯುತ್ತಿತ್ತು. ಇನ್ನೊಂದು ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ಕುಳಿತು, ಮೊದಲನೆಯದರ ನಡಿಗೆಯಿಂದಲೇ ಸುತ್ತುತ್ತಿತ್ತು. ಎರಡೂ ಕಂಡ ದೃಶ್ಯ ಒಂದೇ ಬಗೆಯದು. ಆದರೂ ಪರೀಕ್ಷಿಸಿದಾಗ, ನಡೆದ ಮರಿ ಎತ್ತರದ ಅಂಚನ್ನು ಕಂಡು ಹಿಂಜರಿಯಿತು. ಕುಳಿತು ಸುತ್ತಿದ ಮರಿಗೆ ಆ ಆಳ ತಿಳಿಯಲಿಲ್ಲ. ಎರಡನೆಯದನ್ನು ಬೆಳಕಿನಲ್ಲಿ ಸ್ವೇಚ್ಛೆಯಾಗಿ ಓಡಾಡಲು ಬಿಟ್ಟಮೇಲೆ ಅದೂ ಬೇಗನೆ ಸರಿಹೋಯಿತು.

ಬೆಕ್ಕಿನ ಮರಿಗೆ ಒಪ್ಪಿದ್ದೆಲ್ಲವನ್ನೂ ಮನುಷ್ಯನ ಮಗುವಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಕಣ್ಣು ಕಂಡದ್ದು ಕಾಲಿನ ಚಲನೆಯೊಡನೆ ಕೂಡಿದಾಗಲೇ ಜ್ಞಾನವಾಗಿ ನೆಲಸುತ್ತದೆಂಬ ಸೂಚನೆ ಇದರಲ್ಲಿದೆ. ಮೆದುಳಿನ ‘ಹಿಪ್ಪೊಕ್ಯಾಂಪಸ್’ ಎಂಬ ಭಾಗದಲ್ಲಿ, ಪ್ರಾಣಿಯು ಒಂದು ನಿರ್ದಿಷ್ಟ ಸ್ಥಳಕ್ಕೆ ಬಂದಾಗ ಮಾತ್ರ ಚುರುಕಾಗುವ ಕೋಶಗಳಿವೆಯೆಂದು ಜಾನ್ ಓಕೀಫ್ 1971ರಲ್ಲಿ ತೋರಿಸಿಕೊಟ್ಟರು. 2014ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ನಾವು ತಿರುಗಾಡಿದ ನೆಲದ ಒಂದು ನಕ್ಷೆಯನ್ನು ಮೆದುಳು ತನ್ನೊಳಗೇ ಬರೆದುಕೊಳ್ಳುತ್ತದೆನ್ನಬಹುದು. ಯಾವ ತಿರುವಿನಲ್ಲಿ ಹೊರಳಬೇಕು, ಹಳ್ಳ ತುಂಬಿದರೆ ಯಾವ ಬಳಸುದಾರಿ ಹಿಡಿಯಬೇಕು, ತೊಂದರೆಯಾದರೆ ಯಾರ ಮನೆಯ ಬಾಗಿಲು ತಟ್ಟಬೇಕು ಎಂಬ ನಿರ್ಣಯಗಳನ್ನು ಮಾಡುವುದು ನಡೆಯುವ ಮಗು. ಕುಳಿತ ಮಗುವಿನ ಪರವಾಗಿ ಅವನ್ನು ಚಾಲಕನೇ ಮಾಡುತ್ತಾನೆ.

ಬದಲಾದದ್ದು ಮಗುವೋ, ದಾರಿಯೋ?

ಹಾಗಾದರೆ ತಾಯಿತಂದೆಗಳು ಮಕ್ಕಳನ್ನು ಏಕೆ ತಡೆಯುತ್ತಾರೆ? ಮೊದಲನೆಯ ಕಾರಣ ವೇಗ. ಅಜ್ಜನ ಕಾಲದ ದಾರಿಯಲ್ಲಿ ಎದುರಾಗುತ್ತಿದ್ದುದು ಎತ್ತಿನ ಗಾಡಿ. ಅದರ ವೇಗ ಹೆಚ್ಚುಕಡಿಮೆ ಮಗುವಿನ ನಡಿಗೆಯ ವೇಗವೇ. ಇಂದು ಬರುವುದು ಕಾರು, ಲಾರಿ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರಿನ ಚಾಲಕ ಅಪಾಯ ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ತೆಗೆದುಕೊಂಡರೆ, ಒಣ ರಸ್ತೆಯಲ್ಲಿ ಕಾರು ನಿಲ್ಲುವುದರೊಳಗೆ ಸುಮಾರು 13 ಮೀಟರ್ ಮುಂದೆ ಬಂದಿರುತ್ತದೆ. ವೇಗ 60 ಆದರೆ ಈ ದೂರ ಸುಮಾರು 37 ಮೀಟರ್. ಬ್ರೇಕು ಹಿಡಿದ ಬಳಿಕ ಸಾಗುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿರುವುದೇ ಇದಕ್ಕೆ ಕಾರಣ. ನಮ್ಮ ಮಲೆನಾಡಿನ ಮಳೆಯಲ್ಲಿ ಒದ್ದೆಯಾದ ರಸ್ತೆಯ ಮೇಲೆ ಅದು ಇನ್ನೂ ಹೆಚ್ಚು.

ಇದರ ಜೊತೆಗೆ ಮಗುವಿನ ಕಣ್ಣಿಗೇ ಒಂದು ಮಿತಿಯುಂಟು. ಎದುರಿಗೆ ಬರುವ ವಸ್ತು ದೊಡ್ಡದಾಗುತ್ತ ಬರುವ ಬಗೆಯಿಂದ ಅದರ ವೇಗವನ್ನು ಊಹಿಸುವ ಶಕ್ತಿ ಬಾಲ್ಯದಲ್ಲಿ ಪೂರ್ಣವಾಗಿ ಬೆಳೆದಿರುವುದಿಲ್ಲ. ಗಂಟೆಗೆ ಸುಮಾರು 32 ಕಿಲೋಮೀಟರಿಗೆ ಮೀರಿದ ವೇಗದಲ್ಲಿ ಬರುವ ವಾಹನವನ್ನು ಪ್ರಾಥಮಿಕ ಶಾಲೆಯ ಮಕ್ಕಳು ಸರಿಯಾಗಿ ಗುರುತಿಸಲಾರರೆಂದು 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ ಎಚ್ಚರಿಸಿತು. ಎಷ್ಟು ಬುದ್ಧಿ ಹೇಳಿದರೂ ಈ ಕೊರತೆ ತುಂಬುವಂಥದಲ್ಲ. ಇಳಿಯಬೇಕಾದದ್ದು ವಾಹನದ ವೇಗ. ಭಾರತದ ರಸ್ತೆಗಳಲ್ಲಿ 2022ರೊಂದರಲ್ಲೇ 1,68,491 ಮಂದಿ ಪ್ರಾಣ ಕಳೆದುಕೊಂಡರು. ಹೀಗಿರುವಲ್ಲಿ ತಾಯಿಯ ಅಂಜಿಕೆಯನ್ನು ಹುಸಿಯೆನ್ನಲಾದೀತೆ?

ಎರಡನೆಯ ಕಾರಣ ದೂರ. ಮಗುವಿನ ಮನೆಯ ನೆರೆಯಲ್ಲೇ ಶಾಲೆಯಿರಬೇಕೆಂಬ ತತ್ತ್ವವನ್ನು 1964–66ರ ಕೊಠಾರಿ ಆಯೋಗ ಎತ್ತಿಹಿಡಿದಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯನ್ನು ಅನುಸರಿಸಿ ಬಂದ ಕೇಂದ್ರದ ಮಾದರಿ ನಿಯಮಗಳು ಐದನೆಯ ತರಗತಿಯವರೆಗೆ 1 ಕಿಲೋಮೀಟರ್, ಎಂಟನೆಯವರೆಗೆ 3 ಕಿಲೋಮೀಟರ್ ಒಳಗೆ ಶಾಲೆಯಿರಬೇಕೆಂದು ವಿಧಿಸಿದವು. ಆದರೆ ಹಲವು ಕುಟುಂಬಗಳು ಇಂಗ್ಲಿಷ್ ಮಾಧ್ಯಮವನ್ನು ಬಯಸಿ ಮಕ್ಕಳನ್ನು ಪಟ್ಟಣಕ್ಕೆ ಕಳುಹಿಸುತ್ತವೆ. ಲಕ್ಕವಳ್ಳಿಯಿಂದ ತರೀಕೆರೆಗೆ ಸುಮಾರು 20 ಕಿಲೋಮೀಟರ್. ಇದು ಯಾವ ಮಗುವೂ ನಡೆಯುವ ದೂರವಲ್ಲ. ಅಷ್ಟೇ ಅಲ್ಲ, ದಾರಿಯ ಜೊತೆಗಾರರು ಚದುರಿಹೋದ ಮೇಲೆ ಊರಿನಲ್ಲೇ ಓದುವ ಮಗುವೂ ಒಂಟಿಯಾಗುತ್ತದೆ. ಅದನ್ನೂ ಬೈಕಿನಲ್ಲಿ ಬಿಡುವ ಏರ್ಪಾಡಾಗುತ್ತದೆ. ಶಾಲೆಯ ಬಾಗಿಲ ಮುಂದೆ ಇನ್ನೊಂದು ವಾಹನ ಹೆಚ್ಚುತ್ತದೆ. ಇದರಿಂದ ನಡೆಯುವ ಮಕ್ಕಳಿಗೆ ಅಪಾಯ ಮತ್ತಷ್ಟು ಹೆಚ್ಚುತ್ತದೆ.

ಹಳೆಯ ಸ್ವಾತಂತ್ರ್ಯದ ಇನ್ನೊಂದು ಮುಖ

ಹಾಗೆಂದು ಹಿಂದಿನ ಕಾಲವನ್ನು ಸ್ವರ್ಗವೆಂದು ಎಣಿಸುವುದು ತಪ್ಪಾದೀತು. ಅಂದಿನ ನಡಿಗೆ ಬಹುಮಟ್ಟಿಗೆ ಅನಿವಾರ್ಯದ ಫಲ. ತುಂಬಿದ ಹಳ್ಳದಲ್ಲಿ ಸಂಕ ಜಾರಿ ಮಕ್ಕಳು ಸತ್ತದ್ದುಂಟು; ಆಷಾಢದ ಮಳೆ ಹಿಡಿದರೆ ಶಾಲೆ ತಪ್ಪುತ್ತಿದ್ದುದೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಇಂದು ದಾರಿಯ ಕಥೆ ಹೇಳುವವರು ಶಾಲೆ ಮುಟ್ಟಿದವರು ಮಾತ್ರ. ದಾರಿ ದೂರವೆಂದು ಮನೆಯಲ್ಲೇ ಉಳಿದ ಹುಡುಗಿಯರ ಕಥೆ ನಮ್ಮ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ.

ಇದಕ್ಕೆ ಲಕ್ಕವಳ್ಳಿಯ ಸೀಮೆಯಲ್ಲೇ ಒಂದು ನಿದರ್ಶನವಿದೆ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯದ ಒಳಗಿನ 11 ಹಳ್ಳಿಗಳ 419 ಕುಟುಂಬಗಳು 2002ರ ಸುಮಾರಿಗೆ ಹೊರಕ್ಕೆ ಬಂದು, ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿ ಮತ್ತು ಕೆಳಗೂರುಗಳಲ್ಲಿ ನೆಲಸಿದವು. ಆನೆ ಹುಲಿಗಳು ಸಂಚರಿಸುವ ಕಾಡಿನ ಮಗುವಿಗೆ ಅಲೆದಾಡಲು ನೆಲ ಬೇಕಾದಷ್ಟಿತ್ತು. ಕೈಗೆಟುಕುವ ಶಾಲೆ ಮಾತ್ರ ದುರ್ಲಭವಾಗಿತ್ತು. ಹೊರಗೆ ಬಂದವರಿಗೆ ರಸ್ತೆ, ವಿದ್ಯುತ್ತು, ಶಾಲೆಗಳು ಹತ್ತಿರವಾದವು. ಬಯಲಿನಲ್ಲಿ ಅಲೆಯುವ ಸ್ವಾತಂತ್ರ್ಯ ಬೇರೆ, ಶಾಲೆಯನ್ನು ಮುಟ್ಟುವ ಸ್ವಾತಂತ್ರ್ಯ ಬೇರೆ ಎಂಬುದನ್ನು ನಾವು ಮರೆಯಬಾರದು.

ಸ್ವಾತಂತ್ರ್ಯವನ್ನು ಕಟ್ಟಿಕೊಡಬಹುದು

ಈ ಎರಡನೆಯ ಸ್ವಾತಂತ್ರ್ಯವನ್ನು ಸಮಾಜವು ಕೈಯಾರೆ ಕಟ್ಟಿಕೊಡಬಲ್ಲದು. ಬಿಹಾರದಲ್ಲಿ 2006ರಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡಲಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಇದರ ಪರಿಣಾಮವನ್ನು ಅಳೆದು ನೋಡಲಾಗಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಏರಿತ್ತು. ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರ ಶೇಕಡ 40ರಷ್ಟು ತಗ್ಗಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಕರ್ನಾಟಕವೂ 2006–07ರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿ, ಹತ್ತು ವರ್ಷಗಳಿಗೂ ಮೀರಿ ನಡೆಸಿತು. ವಿದ್ಯಾರ್ಥಿಗಳ ಬಸ್ ಪಾಸು, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಇವು ಕೂಡ ಇದೇ ಜಾತಿಗೆ ಸೇರಿದವು. ತಂದೆಯ ಬಿಡುವನ್ನಾಗಲಿ ಅಣ್ಣನ ಜೊತೆಯನ್ನಾಗಲಿ ಕಾಯದೆ ಕಾಲೇಜಿನ ಬಸ್ಸು ಹತ್ತುವ ಹುಡುಗಿ ತನ್ನ ಅಜ್ಜಿ ಕಾಣದ ಸ್ವಾತಂತ್ರ್ಯವನ್ನು ಪಡೆದಿದ್ದಾಳೆ.

ಚಿಕ್ಕ ಮಕ್ಕಳ ವಿಷಯದಲ್ಲಿಯೂ ಹೊರದೇಶಗಳ ಉದಾಹರಣೆಗಳಿವೆ. ಜಪಾನಿನ ಅನೇಕ ಊರುಗಳಲ್ಲಿ ನೆರೆಹೊರೆಯ ಮಕ್ಕಳು ಗುಂಪುಗೂಡಿ, ಹಿರಿಯ ತರಗತಿಯವನೊಬ್ಬನ ಮುಂದಾಳುತನದಲ್ಲಿ ಶಾಲೆಗೆ ನಡೆಯುತ್ತಾರೆ. ಹದಿನಾರು ದೇಶಗಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳ ಸ್ವತಂತ್ರ ಸಂಚಾರಕ್ಕೆ ಮೊದಲ ಸ್ಥಾನ ಫಿನ್ಲೆಂಡಿಗೆ ದೊರೆಯಿತು. ಆ ದೇಶದಲ್ಲಿಯೂ ಕಾರುಗಳಿಗೆ ಬರವಿಲ್ಲ. ಆದುದರಿಂದ ಕಾರು ಬಂದ ಮಾತ್ರಕ್ಕೆ ಮಗು ಮನೆಯೊಳಗೆ ಸೇರಬೇಕೆಂಬ ನಿಯಮವೇನೂ ಇಲ್ಲ.

ನೀವೇ ಮಾಡಬಹುದಾದ ಪ್ರಯೋಗ

ಈ ವಿಷಯದಲ್ಲಿ ಪ್ರಯೋಗ ಮಾಡಲು ಪ್ರಯೋಗಶಾಲೆ ಬೇಕಿಲ್ಲ. ನಿಮ್ಮ ಊರಿನ ನಕ್ಷೆಯೊಂದನ್ನು ಬರೆದುಕೊಳ್ಳಿ. ಎಂಟನೆಯ ವಯಸ್ಸಿನಲ್ಲಿ ಒಬ್ಬರೇ ಎಲ್ಲಿಯವರೆಗೆ ಹೋಗುತ್ತಿದ್ದಿರೆಂದು ಅಜ್ಜ ಅಜ್ಜಿಯರನ್ನೂ ತಾಯಿತಂದೆಗಳನ್ನೂ ಕೇಳಿ, ಬೇರೆ ಬೇರೆ ಬಣ್ಣಗಳಲ್ಲಿ ಗೆರೆ ಎಳೆಯಿರಿ; ನಿಮ್ಮದನ್ನೂ ನಿಮ್ಮ ತಮ್ಮತಂಗಿಯರದನ್ನೂ ಸೇರಿಸಿ. ಅಜ್ಜಿಯ ಗೆರೆಯನ್ನೂ ಅಜ್ಜನ ಗೆರೆಯನ್ನೂ ಬೇರೆಯಾಗಿಯೇ ಎಳೆಯುವುದು ಅಗತ್ಯ. ಆಮೇಲೆ ಗೆರೆ ಎಲ್ಲಿ ನಿಂತಿತೋ ಅಲ್ಲಿಗೆ ಹೋಗಿ, ಅದು ನಿಂತದ್ದೇಕೆಂದು ನೋಡಿರಿ. ಹೆದ್ದಾರಿಯ ತಿರುವೋ, ಸಂಕವಿಲ್ಲದ ಹಳ್ಳವೋ, ಮುಚ್ಚಿದ ಶಾಲೆಯೋ ಕಾರಣವೆಂದು ಗೊತ್ತಾದರೆ, ಅದನ್ನು ಬರೆದು ನಿಮ್ಮ ಗ್ರಾಮ ಪಂಚಾಯಿತಿಗೆ ಕೊಡಿರಿ. ವೇಗ ತಗ್ಗಿಸುವ ಒಂದು ಉಬ್ಬು, ಗಟ್ಟಿಯಾದ ಒಂದು ಕಾಲುಸೇತುವೆ, ರಸ್ತೆಯ ಅಂಚಿನಲ್ಲಿ ನಡೆಯಲು ಒಂದು ಮಾರಿನಷ್ಟು ಜಾಗ — ಇವು ದೊಡ್ಡ ಅಣೆಕಟ್ಟುಗಳ ಹಾಗೆ ದಶಕಗಳನ್ನು ಬೇಡುವ ಕೆಲಸಗಳಲ್ಲ.

ಇಂದಿನ ಮಗುವಿನ ಕಾಲು ಅಜ್ಜನ ಕಾಲಿಗಿಂತ ದುರ್ಬಲವೆಂದು ದೂರುವುದರಿಂದ ಪ್ರಯೋಜನವಿಲ್ಲ. ಮಗು ಎಷ್ಟು ಸ್ವತಂತ್ರವಾಗಿರಬಲ್ಲದೆಂಬುದನ್ನು ನಿರ್ಧರಿಸುವುದು ಅದರ ಧೈರ್ಯವೊಂದೇ ಅಲ್ಲ, ನಾವು ಅದಕ್ಕಾಗಿ ಕಟ್ಟುವ ದಾರಿಯೂ ಹೌದು.