ಚದುರಂಗದ ಅಂತ್ಯಘಟ್ಟವೂ ಗಣಕಯಂತ್ರದ ಕೋಷ್ಟಕಗಳೂ

ಚದುರಂಗದ ಮಣೆಯ ಮೇಲೆ ಐದಾರು ಕಾಯಿಗಳು ಮಾತ್ರ ಉಳಿದಾಗ ಆಟವು ಸರಳವಾಯಿತೆಂದು ನೋಡುವವರು ಭಾವಿಸುವುದುಂಟು. ಆಡಿ ಬಲ್ಲವರಿಗೆ ತೊಡಕು ಅಲ್ಲಿಯೇ ಇದೆಯೆಂಬುದು ಗೊತ್ತು. ಎರಡು ಒಂಟೆಗಳು ಒಂದೇ ಕುದುರೆಯನ್ನು ಸಾಮಾನ್ಯವಾಗಿ ಗೆಲ್ಲಲಾರವೆಂದು ಪಂಡಿತರು ನೂರಕ್ಕೂ ಹೆಚ್ಚು ವರ್ಷ ನಂಬಿದ್ದರು. 1983ರಲ್ಲಿ ಅಮೆರಿಕದ ಕೆನ್ ಥಾಂಪ್ಸನ್ನರು ಗಣಕಯಂತ್ರದ ನೆರವಿನಿಂದ ಆ ನಂಬಿಕೆಯನ್ನು ಅಳಿಸಿದರು. ಗೆಲುವು ಉಂಟು, ಆದರೆ ಕುದುರೆಯನ್ನು ಹಿಡಿಯಲು 66 ನಡೆಗಳವರೆಗೂ ಬೇಕಾಗಬಹುದೆಂದು ತೋರಿಸಿದರು.

ಇದರ ಕ್ರಮವು ಹಿಮ್ಮುಖವಾದುದು. ರಾಜನು ಬಂಧಿಯಾದ ಸ್ಥಿತಿಗಳನ್ನೆಲ್ಲ ಮೊದಲು ಗುರುತಿಸಿ, ಅಲ್ಲಿಗೆ ಒಂದು ನಡೆಯಲ್ಲಿ ತಲಪುವ ಸ್ಥಿತಿಗಳಾವುವು, ಎರಡರಲ್ಲಿ ತಲಪುವವಾವುವು ಎಂದು ಹಿಂದೆ ಹಿಂದೆ ಸಾಗುವುದು. ಕುದುರೆಯು ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ ಅರವತ್ತನಾಲ್ಕು ಮನೆಗಳನ್ನೂ ಸುತ್ತುವ ಸಮಸ್ಯೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಆಸಕ್ತರಾಗಿದ್ದ ನಾಡಿಗೆ, ಮಣೆಯನ್ನು ಗಣಿತವಾಗಿ ಕಾಣುವುದು ಹೊಸತೇನೂ ಅಲ್ಲ. ಇನ್ನುಳಿಯುವ ಪ್ರಶ್ನೆಯೆಂದರೆ, ಕೋಟ್ಯಂತರ ಸ್ಥಿತಿಗಳ ಪಕ್ಕದಲ್ಲಿ ಏನನ್ನು ಬರೆದಿಡಬೇಕು? ಕೋಷ್ಟಕಗಳ ಭೇದವೆಲ್ಲ ಇದರಲ್ಲಿಯೇ ಅಡಗಿದೆ.

1998ರಲ್ಲಿ ಬಳಕೆಗೆ ಬಂದ ಯೂಜೀನ್ ನಲಿಮೋವರ ಪದ್ಧತಿಯು, ಚೆಕ್‌ಮೇಟಿಗೆ ಇನ್ನೆಷ್ಟು ನಡೆಗಳೆಂಬುದನ್ನು ಬರೆದಿಡುತ್ತದೆ. ಸ್ಥಳವನ್ನು ಉಳಿಸಲು ಅವರು ಜಾಣತನದ ಲೆಕ್ಕ ಹಾಕಿದರು. ಇಬ್ಬರು ರಾಜರನ್ನು ಇಡುವ ರೀತಿಗಳು 4096 ಎಂದು ತೋರಿದರೂ, ರಾಜರು ಅಕ್ಕಪಕ್ಕ ನಿಲ್ಲಲಾರರು. ಪದಾತಿಗಳಿಲ್ಲದಾಗ ಮಣೆಯನ್ನು ತಿರುಗಿಸಿದರೂ ಮಗುಚಿದರೂ ಸ್ಥಿತಿ ಅದೇ. ಹೀಗೆ ಸೋಸಿದರೆ ಉಳಿಯುವುದು 462 ಮಾತ್ರ. ಆದರೂ ಐದು ಕಾಯಿಗಳವರೆಗಿನ ಕೋಷ್ಟಕಗಳಿಗೆ ಸುಮಾರು 7 ಗಿಗಾಬೈಟ್, ಆರು ಕಾಯಿಗಳವರೆಗಿನವಕ್ಕೆ ಸುಮಾರು 1.2 ಟೆರಾಬೈಟ್ ಸ್ಥಳ ಬೇಕು. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದ ಲೊಮೊನೊಸೋವ್ ಮಹಾಗಣಕದಲ್ಲಿ ಸಿದ್ಧವಾದ ಏಳು ಕಾಯಿಗಳ ಕೋಷ್ಟಕಗಳು 140 ಟೆರಾಬೈಟನ್ನು ನುಂಗಿದವು.

ಸ್ಥಳಕ್ಕಿಂತ ಗಹನವಾದ ಕೊರತೆ ಇನ್ನೊಂದುಂಟು. ಐವತ್ತು ನಡೆಗಳವರೆಗೆ ಯಾವ ಕಾಯಿಯೂ ಕಡಿಯಲ್ಪಡದೆ, ಪದಾತಿಯೂ ಚಲಿಸದೆ ಹೋದರೆ ಆಟವು ಸಮವೆಂದು ಕೇಳಿ ಪಡೆಯುವ ಹಕ್ಕು ಆಟಗಾರನಿಗಿದೆ. ಆನೆ ಮತ್ತು ಕುದುರೆ ಕೂಡಿ ಎರಡು ಕುದುರೆಗಳೊಡನೆ ಹೋರಾಡುವ ಒಂದು ಸ್ಥಿತಿಯಲ್ಲಿ ಮೊದಲ ಕಾಯಿ ಬೀಳಲು 243 ನಡೆಗಳು ಬೇಕು. ನಲಿಮೋವರ ಕೋಷ್ಟಕವು ಇದನ್ನು ಗೆಲುವೆಂದೇ ಹೇಳುತ್ತದೆ. ಸ್ಪರ್ಧೆಯಲ್ಲಿ ಆ ಗೆಲುವು ದಕ್ಕದು.

2013ರಲ್ಲಿ ರೊನಾಲ್ಡ್ ಡಿ ಮಾನ್ ಹೊರತಂದ ಸಿಜಿಜಿ ಪದ್ಧತಿಯು ಈ ನಿಯಮವನ್ನು ಗಣನೆಗೆ ತಂದುಕೊಂಡಿತು. ಅದರಲ್ಲಿ ಫಲಗಳು ಮೂರಲ್ಲ, ಐದು. ಗೆಲುವು, ಸಮ, ಸೋಲುಗಳ ನಡುವೆ, ನಿಯಮದಿಂದ ಕೈತಪ್ಪುವ ‘ಶಾಪಗ್ರಸ್ತ ಗೆಲುವು’ ಮತ್ತು ಅದೇ ನಿಯಮದಿಂದ ಪಾರಾಗುವ ‘ವರ ಪಡೆದ ಸೋಲು’ ಎಂಬೆರಡು ಸೇರಿವೆ. ಫಲವನ್ನು ಹೇಳುವ ಕಡತ ಒಂದು, ಮುಂದಿನ ಕಡಿತ ಅಥವಾ ಪದಾತಿಯ ನಡೆಗೆ ಇರುವ ದೂರವನ್ನು ಹೇಳುವ ಕಡತ ಇನ್ನೊಂದು. ಆಲೋಚಿಸುವಾಗ ಯಂತ್ರಕ್ಕೆ ಮೊದಲನೆಯದೇ ಸಾಕು. ಹೀಗಾಗಿ ಐದು ಕಾಯಿಗಳವರೆಗೆ 939 ಮೆಗಾಬೈಟ್, ಆರರವರೆಗೆ ಸುಮಾರು 150 ಗಿಗಾಬೈಟ್ ಸಾಕಾಯಿತು; 2018ರಲ್ಲಿ ಪೂರ್ಣಗೊಂಡ ಏಳು ಕಾಯಿಗಳವು ಇಪ್ಪತ್ತು ಟೆರಾಬೈಟಿಗಿಂತ ಕಡಿಮೆ.

ಇದಕ್ಕೂ ದೋಷವುಂಟು. ಚೆಕ್‌ಮೇಟಿನ ದೂರವನ್ನು ಅರಿಯದ ಕಾರಣ ಎಣಿಕೆಯನ್ನು ಮೊದಲಿಗೆ ತರಲೆಂದೇ ಯಂತ್ರವು ಕೆಲವೊಮ್ಮೆ ಬೆಲೆಯುಳ್ಳ ಕಾಯಿಯನ್ನು ಸುಮ್ಮನೆ ಬಲಿಗೊಡುತ್ತದೆ. ಗೆಲ್ಲುವುದೇನೋ ನಿಜ, ನೋಡಲು ಚೆಂದವಲ್ಲ. ಅತಿ ಹತ್ತಿರದ ದಾರಿಯನ್ನು ಕಲಿಯಬಯಸುವ ವಿದ್ಯಾರ್ಥಿಗೆ ನಲಿಮೋವರ ಬಗೆಯೇ ಉತ್ತಮ ಗುರು. ಸ್ಪರ್ಧೆಗೆ ಸಿದ್ಧನಾಗುವವನಿಗೆ ಸಿಜಿಜಿ ಲೇಸು. ಅದರ ಐದು ಕಾಯಿಗಳ ಕೋಷ್ಟಕವು ತಲ್ಲೂರಿನ ಹುಡುಗನ ಸಾಧಾರಣ ಗಣಕಯಂತ್ರದಲ್ಲಿಯೂ ಹಿಡಿಸುತ್ತದೆ. ಏಳು ಕಾಯಿಗಳದ್ದು ಬೇಕಾದರೆ ಲಿಚೆಸ್ ಎಂಬ ಅಂತರ್ಜಾಲ ತಾಣದಲ್ಲಿ ಹಣವಿಲ್ಲದೆ ನೋಡಬಹುದು.